ಬಾವುಟಕ್ಕೊಂದು ಅಳತೆ, ಶಾಲೆಗೊಂದು ಅಳತೆ

ನಮ್ಮ ಬೆಂಗೇರಿಯಲ್ಲಿ ಅಳತೆ ಎನ್ನುವುದು ಸುಮ್ಮನೆ ಬಾಯಿಮಾತಲ್ಲ. ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿಯೇ. 1957ರಲ್ಲಿ ಹುಟ್ಟಿದ ಸಂಸ್ಥೆ. ನಮ್ಮ ಓಣಿಯ ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲಿ ರಾಷ್ಟ್ರಧ್ವಜ ಹೊಲಿಯುತ್ತಾರೆ. ಧ್ವಜಕ್ಕೆ ಭಾರತೀಯ ಮಾನಕ ಬ್ಯೂರೋದ ನಿಯಮ ಇದೆ, ಅದರ ಹೆಸರೇ ಐಎಸ್ 1. ಮಕ್ಕಳೇ, ಪ್ರೆಶರ್ ಕುಕ್ಕರಿನ ಮೇಲೆ, ವಿದ್ಯುತ್ ತಂತಿಯ ಮೇಲೆ ಐಎಸ್ ಎಂದು ಬರೆದು ಮುಂದೆ ದೊಡ್ಡ ದೊಡ್ಡ ನಂಬರು ಇರುವುದನ್ನು ನೋಡಿದ್ದೀರಿ. ಮೊದಲನೇ ನಂಬರು ಧ್ವಜದ್ದು. ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು. ಒಟ್ಟು ಒಂಬತ್ತು ಅಳತೆಗಳು. ಎಲ್ಲಕ್ಕಿಂತ ಚಿಕ್ಕದು 150 ಮಿಲಿಮೀಟರಿಗೆ 100, ಎಲ್ಲಕ್ಕಿಂತ ದೊಡ್ಡದು 6300ಕ್ಕೆ 4200. ಚಕ್ರಕ್ಕೆ 24 ಅರಗಳು, ಎರಡೂ ಬದಿಯ ಚಕ್ರ ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ದಾರದ ಎಣಿಕೆ, ಬಣ್ಣ, ಹೊಲಿಗೆ ಯಾವುದರಲ್ಲಿ ಎಡವಿದರೂ ಆ ಬಾವುಟ ಹೊರಗೆ ಹೋಗುವ ಹಾಗಿಲ್ಲ.

ಈ ಬೇಸಿಗೆಯಲ್ಲಿ ಇದೇ ಧ್ವಜ ಹೊಲಿಯುವ ಒಬ್ಬ ತಾಯಿ ನಮ್ಮ ಮನೆಗೆ ಬಂದಳು. ಮೂರನೇ ತರಗತಿ ಮುಗಿಸುತ್ತಿದ್ದ ಮಗಳು ಜೊತೆಗಿದ್ದಳು. ಹುಡುಗಿ ಓದುತ್ತಿರುವುದು ಕೇಶ್ವಾಪುರದ ಕಡೆಗಿರುವ ಒಂದು ಸಣ್ಣ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ. ಐದನೇ ತರಗತಿಯವರೆಗೆ ಮಾತ್ರ ಇದೆ. ಊರಾಚೆಯ ದೊಡ್ಡ ಶಾಲೆಗೆ ಹಾಕಬೇಕೆಂದು ಮೈದುನನ ಹಟ. ಅಲ್ಲಿ ಬಸ್ಸಿದೆ, ಗೋಡೆಗೆ ಸ್ಮಾರ್ಟ್ ಬೋರ್ಡ್ ಇದೆ, ಕರಾಟೆ ಇದೆ. ಪ್ರವೇಶದ ದುಡ್ಡಿಗೆ ಸ್ವಸಹಾಯ ಸಂಘದಿಂದ ಸಾಲ ಎತ್ತಬೇಕು.

"ಅಜ್ಜಾರ, ನೀವು ಬ್ಯಾಂಕಿನ್ಯಾಗ ಲೆಕ್ಕ ನೋಡಿದವರು. ಈ ಸಾಲಿ ಬಿಡಿಸ್ಲೋ ಬ್ಯಾಡೋ, ನೀವ ಹೇಳ್ರಿ. ಸಾಲ ತಗದಮ್ಯಾಲ ತಪ್ಪಾತು ಅಂದ್ರ ನಾ ಏನ್ ಮಾಡ್ಲಿ?"

ಮಗಳ ನಾಲ್ಕು ವರ್ಷದ ಓದು, ಆಕೆಯ ಮೂರು ವರ್ಷದ ದುಡಿಮೆ, ಎರಡೂ ಆ ಒಂದು ಪ್ರಶ್ನೆಯಲ್ಲಿದ್ದವು. ಹೂಂ ಅಥವಾ ಊಹೂಂ ಎಂದು ಕುರ್ಚಿಯಲ್ಲಿ ಕೂತು ಹೇಳುವ ಮಾತಲ್ಲ. "ಪ್ರೋಗ್ರೆಸ್ ಕಾರ್ಡ್ ಬ್ಯಾಡವ್ವಾ, ನೋಟ್‌ಬುಕ್ ತಗೊಂಡ್ ಬಾ" ಎಂದೆ. ಕಾರಣ ಇದೆ. ಬ್ಯಾಂಕಿನಲ್ಲಿ ಬರೀ ಟೋಟಲ್ ನೋಡಿ ಯಾರೂ ಸಹಿ ಹಾಕುವುದಿಲ್ಲ, ವೋಚರ್ ನೋಡುತ್ತೇವೆ. ಪ್ರೋಗ್ರೆಸ್ ಕಾರ್ಡ್ ಟೋಟಲ್ ಇದ್ದ ಹಾಗೆ. ನೋಟ್‌ಬುಕ್ಕು ವೋಚರ್.

ಮರುದಿನ ಹುಡುಗಿ ಚೀಲ ಹೊತ್ತುಕೊಂಡೇ ಬಂದಳು. ಇಂಗ್ಲಿಷ್ ಪಾಠ ತೆಗೆಸಿದೆ. ರೈತನೊಬ್ಬ ಎತ್ತುಗಳ ಜೊತೆ ಹೊಲಕ್ಕೆ ಹೋಗುವ ಪಾಠ. ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದಳು. ತಾಯಿಯ ಮುಖ ಅರಳಿತು.

"ಫೀಲ್ಡ್ ಅಂದ್ರ ಏನವ್ವಾ?" ಎಂದು ಕೇಳಿದೆ.

"ಆಟದ ಮೈದಾನ್ರಿ ಅಜ್ಜಾ."

"ಹಂಗಾರ ರೈತ ಎಲ್ಲಿಗೆ ಹೋದ?"

"ಮೈದಾನಕ್ಕ. ಎತ್ತು ತಗೊಂಡು ಆಟಕ್ಕ ಯಾಕ ಹೋದ ಅಂತ ನನಗೂ ತಿಳೀಲಿಲ್ರಿ."

ನನಗೆ ಆ ಹುಡುಗಿಯ ಮೇಲೆ ಬಹಳ ಪ್ರೀತಿ ಬಂತು. ತಿಳಿಯಲಿಲ್ಲ ಎಂಬುದು ಅವಳಿಗೆ ತಿಳಿದಿತ್ತು, ಪಾಠದ ಬಗ್ಗೆ ಅವಳು ಯೋಚಿಸಿದ್ದಳು. ಆದರೆ ಆ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿರಲಿಲ್ಲ. ಪಾಠದ ಕೆಳಗಿನ ಪ್ರಶ್ನೋತ್ತರ ಮಾತ್ರ ನೋಟ್‌ಬುಕ್ಕಿನಲ್ಲಿ ಮುತ್ತು ಪೋಣಿಸಿದಂತೆ ಇತ್ತು. ಬೋರ್ಡಿನ ಮೇಲಿನದನ್ನು ಇಳಿಸಿಕೊಂಡದ್ದು. ಹತ್ತಕ್ಕೆ ಹತ್ತು ಅಂಕ. ಟೋಟಲ್ ಸರಿ, ವೋಚರ್ ಇಲ್ಲ.

ಕನ್ನಡ ಪುಸ್ತಕ ಕೊಟ್ಟೆ. ಓದಿದಳು, ಪುಸ್ತಕ ಮುಚ್ಚಿ ಕಥೆ ಹೇಳಿದಳು, ಕಥೆಯಲ್ಲಿ ಇಲ್ಲದ ಒಂದು ಬೆಕ್ಕನ್ನೂ ಸೇರಿಸಿದಳು. ಇಂಥ ಪರೀಕ್ಷೆಯನ್ನು ಯಾವ ಮನೆಯಲ್ಲಾದರೂ ಮಾಡಬಹುದು. ‘ಪ್ರಥಮ್’ ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಸುತ್ತ ಬಂದಿರುವ ‘ಅಸರ್’ ಸಮೀಕ್ಷೆಯಲ್ಲಿ ಇದೇ ಕೆಲಸ ಮಾಡುತ್ತಾರೆ. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಪುಟ್ಟ ಪ್ಯಾರಾ, ಎರಡನೇ ತರಗತಿಯ ಮಟ್ಟದ ಕಥೆ, ಇಷ್ಟೇ. ಮನೆಯ ಕಟ್ಟೆಯ ಮೇಲೆ ಮಗುವನ್ನು ಕೂರಿಸಿಕೊಂಡು ಓದಿಸುತ್ತಾರೆ. ಐದನೇ ತರಗತಿಯ ಮಗುವಿಗೂ ಅದೇ ಎರಡನೇ ತರಗತಿಯ ಕಥೆ. ಅದನ್ನೂ ಓದಲಾರದ ಮಕ್ಕಳು ದೇಶದಲ್ಲಿ ಬಹಳ ಇದ್ದಾರೆ ಎಂದು ವರ್ಷವರ್ಷವೂ ಪತ್ರಿಕೆಗಳಲ್ಲಿ ಓದುತ್ತೇವೆ.

ಮನೆಯ ಪರೀಕ್ಷೆ ಸಾಲದು, ಶಾಲೆಯನ್ನೇ ನೋಡಬೇಕೆಂದು ತಾಯಿಯ ಜೊತೆ ಹೋದೆ. ಮುಖ್ಯೋಪಾಧ್ಯಾಯಿನಿ ಒಬ್ಬ ಸಿಸ್ಟರ್, ಮಂಗಳೂರು ಕಡೆಯ ಕನ್ನಡ. ಹಿಂದಿನ ಬೆಂಚಿನಲ್ಲಿ ಅರ್ಧ ದಿನ ಕೂತಿರಲು ಅನುಮತಿ ಕೇಳಿದೆ. ಒಂದು ಕ್ಷಣ ನೋಡಿ, "ಕೂತುಕೊಳ್ಳಿ, ಆದರೆ ಮಕ್ಕಳಿಗೆ ಉತ್ತರ ಹೇಳಿಕೊಡಬಾರದು" ಎಂದರು. ಶಾಲೆಯ ಹೆಸರು ನಾನು ಬರೆಯುವುದಿಲ್ಲ. ಹೆಸರು ಬರೆದರೆ ಅದು ಜಾಹೀರಾತಾಗುತ್ತದೆ, ಇಲ್ಲವೇ ದೂರಾಗುತ್ತದೆ.

ನಮ್ಮ ಕಡೆ ಎಲ್ಲ ಕ್ರೈಸ್ತ ಶಾಲೆಗಳನ್ನೂ ‘ಮಿಶನ್ ಸಾಲಿ’ ಎಂದು ಒಂದೇ ಗಂಟು ಕಟ್ಟುವ ರೂಢಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್‌ನವರು ಪ್ರಾಟೆಸ್ಟಂಟರು. ಕನ್ನಡ ನಿಘಂಟಿನ ಕಿಟೆಲ್ ಸಾಹೇಬರು ಆ ಮಿಶನ್ನಿನವರು. ಕ್ಯಾಥೊಲಿಕರ ವ್ಯವಸ್ಥೆ ಬೇರೆ. ಹುಬ್ಬಳ್ಳಿ-ಧಾರವಾಡ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಸಣ್ಣ ಶಾಲೆಗಳನ್ನು ಹೆಚ್ಚಾಗಿ ಸಿಸ್ಟರ್‌ಗಳ ಸಭೆಗಳೇ ನಡೆಸುತ್ತವೆ. ಕಲಿಸುವ ಟೀಚರುಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲರೂ ಇರುತ್ತಾರೆ, ಮಕ್ಕಳೂ ಹಾಗೆಯೇ.

ಮೂರನೇ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು. ಗಣಿತದ ಅವಧಿ. ಟೀಚರ್ ಬೋರ್ಡಿನ ಮೇಲೆ 402ರಲ್ಲಿ 178 ಕಳೆಯಿರಿ ಎಂದು ಬರೆದರು. ನನ್ನ ಮುಂದಿನ ಬೆಂಚಿನ ಹುಡುಗ ಬರೆದ ಉತ್ತರ 376. ಅವನು ಹೇಗೆ ಮಾಡಿದ ಗೊತ್ತೇ? ಎಂಟರಲ್ಲಿ ಎರಡು ಹೋದರೆ ಆರು. ಏಳರಲ್ಲಿ ಸೊನ್ನೆ ಹೋದರೆ ಏಳು. ನಾಲ್ಕರಲ್ಲಿ ಒಂದು ಹೋದರೆ ಮೂರು. ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದುಬಿಟ್ಟಿದ್ದ. ಬಹಳ ಮಕ್ಕಳು ಹೀಗೆ ಮಾಡುತ್ತಾರೆ. ಕೆಂಪು ಗೀಟು ಹಾಕಿ ಪಕ್ಕದಲ್ಲಿ ಸರಿ ಉತ್ತರ ಬರೆದರೆ ಟೀಚರ ಕೆಲಸ ಮುಗಿಯುತ್ತದೆ, ಹುಡುಗನ ತಪ್ಪು ಹಾಗೇ ಉಳಿಯುತ್ತದೆ.

ಆ ಟೀಚರ್ ಗೀಟು ಹಾಕಲಿಲ್ಲ. ರಟ್ಟಿನಲ್ಲಿ ಕತ್ತರಿಸಿದ ನೋಟುಗಳ ಡಬ್ಬಿ ತಂದು ಅವನ ಕೈಗೆ ನಾಲ್ಕು ನೂರರ ನೋಟು, ಎರಡು ಒಂದು ರೂಪಾಯಿಯ ಬಿಲ್ಲೆ ಕೊಟ್ಟರು. "ಕಿರಾಣಿ ಅಂಗಡಿಗೆ 178 ರೂಪಾಯಿ ಕೊಡಬೇಕು. ಕೊಡು." ಹುಡುಗ ಒಂದು ನೂರರ ನೋಟು ಇಟ್ಟ. ಉಳಿದ 78ಕ್ಕೆ ಅವನ ಕೈಯಲ್ಲಿ ಚಿಲ್ಲರೆ ಇಲ್ಲ. ಸುಮ್ಮನೆ ನಿಂತ. ತರಗತಿಯೂ ಸುಮ್ಮನೆ ಕಾಯಿತು. ಆಮೇಲೆ ಅವನೇ, "ಚಿಲ್ರಿ ಮಾಡಿ ಕೊಡ್ರಿ ಟೀಚರ್" ಎಂದ. ಒಂದು ನೂರು ಹೋಗಿ ಹತ್ತರ ಹತ್ತು ನೋಟು ಬಂದವು. ಏಳು ಕೊಟ್ಟ. ಎಂಟು ರೂಪಾಯಿಗೆ ಮತ್ತೆ ಅಡಚಣೆ, ಮತ್ತೆ ಒಂದು ಹತ್ತರ ನೋಟು ಮುರಿದು ಹತ್ತು ಬಿಲ್ಲೆ. ಕೊಟ್ಟು ಎಣಿಸಿದಾಗ ಕೈಯಲ್ಲಿ ಎರಡು ನೂರು, ಎರಡು ಹತ್ತು, ನಾಲ್ಕು ಬಿಲ್ಲೆ. 224. ಬೋರ್ಡಿಗೆ ಹೋಗಿ ಸೊನ್ನೆಯ ಮೇಲೆ ಒಂಬತ್ತು ಏಕೆ ಬಂತು ಎಂದು ಅವನೇ ಉಳಿದವರಿಗೆ ಹೇಳಿದ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಬಾಯಿಪಾಠ ಮಾಡಿ ಕಲಿತವರಲ್ಲಿ ಎಷ್ಟು ಜನ ಆ ಒಂಬತ್ತರ ಕಾರಣ ಹೇಳಬಲ್ಲರು? ಕೌಂಟರಿನಲ್ಲಿ ವರ್ಷಗಟ್ಟಲೆ ನೋಟು ಎಣಿಸಿದ ನನಗೆ ಆ ರಟ್ಟಿನ ನೋಟು ಕಂಡು ಕೈ ತುರಿಸಿತು. ಉತ್ತರ ಹೇಳಿಕೊಡಬಾರದೆಂಬ ಕರಾರಿತ್ತು, ಸುಮ್ಮನಾದೆ.

ಒಂದು ಲೆಕ್ಕಕ್ಕೆ ಇಪ್ಪತ್ತು ನಿಮಿಷ ಹೋಯಿತು. ದೊಡ್ಡ ಶಾಲೆಯಾಗಿದ್ದರೆ ಅಷ್ಟರಲ್ಲಿ ವರ್ಕ್‌ಬುಕ್ಕಿನ ಒಂದು ಪುಟ ಮುಗಿಯುತ್ತಿತ್ತು ಎಂದು ಮೈದುನ ಹೇಳಬಹುದು. ಆ ಹುಡುಗನ ವಿಷಯ ಆಮೇಲೆ ತಿಳಿಯಿತು. ತಂದೆ ಸೆಂಟ್ರಿಂಗ್ ಕೆಲಸದವರು. ‘ಓದಿನಲ್ಲಿ ಹಿಂದೆ ಬೀಳುತ್ತಾನೆ, ಟೀಸಿ ತೆಗೆದುಕೊಳ್ಳಿ’ ಎಂದು ಬೇರೊಂದು ಶಾಲೆಯಲ್ಲಿ ಹೇಳಿದ ಮೇಲೆ ವರ್ಷದ ನಡುವೆ ಇಲ್ಲಿಗೆ ಬಂದವನು.

ಇಲ್ಲಿಯೇ ನನಗೆ ಬಾವುಟ ನೆನಪಾಗಿದ್ದು. ಹೊಲಿಗೆ ತಪ್ಪಿದ ಧ್ವಜವನ್ನು ಬದಿಗೆ ಇಟ್ಟು ಉಳಿದದ್ದನ್ನು ಕಳಿಸಿದರೆ ಖಾದಿ ಸಂಘಕ್ಕೆ ಒಳ್ಳೆಯ ಹೆಸರು, ಅದು ಸರಿ ಕೂಡ. ಶಾಲೆಯೂ ಅದೇ ಮಾಡಬಹುದು. ಹಿಂದೆ ಬಿದ್ದವರಿಗೆಲ್ಲ ಟೀಸಿ ಕೊಟ್ಟು, ಉಳಿದವರ ಅಂಕಗಳನ್ನು ಫ್ಲೆಕ್ಸಿನ ಮೇಲೆ ಹಾಕಿ ‘ಶೇಕಡಾ ನೂರು ಫಲಿತಾಂಶ’ ಎನ್ನಬಹುದು. ಇಂಥ ನೂರನ್ನು ನಾನು ನಂಬುವುದಿಲ್ಲ. ಒಂದನೇ ತರಗತಿಗೆ ಎಷ್ಟು ಮಕ್ಕಳು ಬಂದರು, ಅವರಲ್ಲಿ ಎಷ್ಟು ಜನ ಐದನೇ ತರಗತಿ ಮುಗಿಸಿದರು, ನಡುವೆ ಹೋದವರು ಏಕೆ ಹೋದರು ಎಂದು ಕೇಳಬೇಕು.

ಈ ಲೆಕ್ಕವನ್ನು ಬಹಳ ಹಿಂದೆ ಇಟಲಿಯ ಹುಡುಗರು ಮಾಡಿದ್ದರು. ಫ್ಲಾರೆನ್ಸ್ ಊರಿನ ಆಚೆ ಗುಡ್ಡದ ಮೇಲೆ ಬಾರ್ಬಿಯಾನಾ ಎಂಬ ಹಳ್ಳಿ. ಲೊರೆಂಜೊ ಮಿಲಾನಿ ಎಂಬ ಪಾದ್ರಿಯನ್ನು 1954ರಲ್ಲಿ ಅಲ್ಲಿಗೆ ಕಳಿಸಿದರು. ಶಾಲೆಯಲ್ಲಿ ಫೇಲಾಗಿ ದನ ಕಾಯುತ್ತಿದ್ದ ರೈತರ ಮಕ್ಕಳಿಗೆ ಅವರು ಚರ್ಚಿನ ಮನೆಯಲ್ಲೇ ಶಾಲೆ ತೆರೆದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸಬೇಕು, ತಿಳಿಯದವನಿಗೆ ತಿಳಿಯುವ ತನಕ ಪಾಠ ಮುಂದೆ ಹೋಗುವಂತಿಲ್ಲ. ಆ ಶಾಲೆಯ ಎಂಟು ಹುಡುಗರು ಕೂಡಿ 1967ರಲ್ಲಿ ಒಂದು ಪುಸ್ತಕ ಬರೆದರು. ಫೇಲು ಮಾಡಿದ ಶಿಕ್ಷಕಿಯೊಬ್ಬರಿಗೆ ಬರೆದ ಪತ್ರದ ರೂಪದಲ್ಲಿದೆ ಅದು. ಎಷ್ಟು ಮಕ್ಕಳು ಶಾಲೆ ಬಿಟ್ಟರು, ಬಿಟ್ಟವರು ಯಾರ ಮಕ್ಕಳು ಎಂದು ಅಂಕಿ ಕೂಡಿಸಿ ತಖ್ತೆ ಹಾಕಿ ತೋರಿಸಿದ್ದರು. ಹೋದವರಲ್ಲಿ ಹೆಚ್ಚಿನವರು ಬಡವರ ಮಕ್ಕಳು. ಪುಸ್ತಕ ಬಂದ ವರ್ಷವೇ ಮಿಲಾನಿ ತೀರಿಕೊಂಡರು. ಬೆಂಗೇರಿಗೂ ಬಾರ್ಬಿಯಾನಾಕ್ಕೂ ಎಲ್ಲಿಯ ಸಂಬಂಧ ಎನ್ನಬೇಡಿ, ತಖ್ತೆ ಎಲ್ಲಿ ಹಾಕಿದರೂ ತಖ್ತೆಯೇ.

ಇನ್ನು ಭಾಷೆಯ ಮಾತು. ಈ ಶಾಲೆ ಇಂಗ್ಲಿಷ್ ಮಾಧ್ಯಮದ್ದು, ಕನ್ನಡ ಒಂದು ವಿಷಯ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯ ಪ್ರಕಾರ ಕನ್ನಡ ಕಲಿಸಲೇಬೇಕು. ಆದರೆ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂಬ ಕರ್ನಾಟಕದ 1994ರ ಆದೇಶವನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು ಒಪ್ಪಲಿಲ್ಲ. ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಬೇರೊಂದು ತೀರ್ಪು ಬಂದದ್ದೂ ಅದೇ ದಿನ. ಕಾನೂನು ಹಾಗಿರಲಿ, ಮನೆಯಲ್ಲಿ ಕನ್ನಡ ಬಿಟ್ಟು ಇನ್ನೊಂದು ಕೇಳದ ಮಗುವಿಗೆ ‘ಫೀಲ್ಡ್’ ಎಂದರೆ ಹೊಲ ಎಂದು ಹೇಳದೆ ಮುಂದೆ ಹೋದರೆ ಅದು ಇಂಗ್ಲಿಷ್ ಕಲಿಸಿದಂತೆಯೂ ಅಲ್ಲ.

ಸಿಸ್ಟರ್‌ಗೆ ಎತ್ತು, ಮೈದಾನದ ಕಥೆ ಹೇಳಿದೆ. ಮೊದಲು ನಕ್ಕರು, ಆಮೇಲೆ ನಗಲಿಲ್ಲ. "ಪೋಷಕರು ಕನ್ನಡದಲ್ಲಿ ಮಾತಾಡಬೇಡಿ, ಬರೀ ಇಂಗ್ಲಿಷ್‌ನಲ್ಲೇ ಕಲಿಸಿ ಅಂತಾರೆ. ಕನ್ನಡದಲ್ಲಿ ಅರ್ಥ ಹೇಳಿದರೆ ಫೀಸು ಯಾಕೆ ಕೊಡಬೇಕು ಅಂತ ಕೇಳಿದವರೂ ಇದ್ದಾರೆ" ಎಂದರು. ನನ್ನ ಪಕ್ಕದಲ್ಲಿದ್ದ ತಾಯಿ ಸೆರಗು ತಿರುವುತ್ತ ಕೂತಿದ್ದಳು.

ನಾನು ಅವರಿಗೆ ಅವರದೇ ಸಂತರೊಬ್ಬರ ನೆನಪು ಮಾಡಿಕೊಟ್ಟೆ. ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ಡಿ ಲಾಸಾಲ್, 1651ರಲ್ಲಿ ಹುಟ್ಟಿ 1719ರಲ್ಲಿ ತೀರಿಕೊಂಡವರು. ಕ್ಯಾಥೊಲಿಕರು ಅವರನ್ನು ಶಿಕ್ಷಕರ ಪಾಲಕ ಸಂತ ಎನ್ನುತ್ತಾರೆ. ಆ ಕಾಲದ ಶಾಲೆಗಳಲ್ಲಿ ಮಕ್ಕಳಿಗೆ ಓದಲು ಕಲಿಸುತ್ತಿದ್ದುದು ಲ್ಯಾಟಿನ್‌ನಲ್ಲಿ. ಮನೆಯಲ್ಲಿ ಯಾರೂ ಆಡದ ಭಾಷೆ, ಆದರೆ ಪ್ರತಿಷ್ಠೆಯ ಭಾಷೆ. ಲಾಸಾಲ್ ಬಡಮಕ್ಕಳಿಗೆ ಮೊದಲು ಅವರಾಡುವ ಫ್ರೆಂಚಿನಲ್ಲೇ ಓದು ಕಲಿಸಿ ಎಂದರು. ತಿಳಿದ ಭಾಷೆಯಲ್ಲಿ ಓದು ಬೇಗ ಕೂಡುತ್ತದೆ, ಅದರ ಮೇಲೆ ಲ್ಯಾಟಿನ್ ಕಟ್ಟಬಹುದು, ಬಡಮಕ್ಕಳು ಬೇಗ ಶಾಲೆ ಬಿಡುವುದರಿಂದ ಲ್ಯಾಟಿನ್ ಅವರಿಗೆ ಉಪಯೋಗಕ್ಕೂ ಬರುವುದಿಲ್ಲ ಎಂಬುದು ಅವರ ವಾದ. ಇಡೀ ತರಗತಿಗೆ ಒಟ್ಟಿಗೆ ಪಾಠ ಮಾಡುವ ಪದ್ಧತಿಯನ್ನು ಹರಡಿದವರೂ ಅವರೇ. ಅದಕ್ಕೂ ಮೊದಲು ಮಾಸ್ತರರು ಒಬ್ಬೊಬ್ಬರನ್ನೇ ಕರೆದು ಕಲಿಸುತ್ತಿದ್ದರು, ಉಳಿದವರು ಗದ್ದಲ ಹಾಕುತ್ತಿದ್ದರು. ಸಿಸ್ಟರ್ ತಲೆ ಆಡಿಸಿ, "ಲಾಸಾಲ್ ಅವರಿಗೆ ಪೋಷಕರ ವಾಟ್ಸಾಪ್ ಗುಂಪು ಇರಲಿಲ್ಲ" ಎಂದರು. ಈ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಇಂಥ ಶಾಲೆಗೆ ಅನ್ವಯಿಸದಿದ್ದರೂ ಅದರ ಅನುಸೂಚಿ ಒಂದು ಒಳ್ಳೆಯ ಅಳತೆಗೋಲು. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಅಂದರೆ ದಿನಕ್ಕೆ ನಾಲ್ಕು ಗಂಟೆ, 240 ನಿಮಿಷ. ಒಬ್ಬ ಶಿಕ್ಷಕರಿಗೆ ಸುಮಾರು 30 ಮಕ್ಕಳು. ಮಕ್ಕಳೇ, ನೀವೇ ಭಾಗಿಸಿ ನೋಡಿ. ತರಗತಿಯಲ್ಲಿ ಅರವತ್ತು ಜನ ಇದ್ದರೆ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ನಾಲ್ಕು ನಿಮಿಷ. ಮೂವತ್ತು ಜನ ಇದ್ದರೆ ಎಂಟು. ಇಪ್ಪತ್ತು ಜನ ಇದ್ದರೆ ಹನ್ನೆರಡು. ಆ ಹುಡುಗನಿಗೆ ನೂರರ ನೋಟು ಮುರಿಸಲು ಟೀಚರಿಗೆ ಸಮಯ ಸಿಕ್ಕಿದ್ದು ಈ ಹನ್ನೆರಡರಿಂದ. ಸ್ಮಾರ್ಟ್ ಬೋರ್ಡ್ ಹಾಕಿದರೆ ಈ ಭಾಗಾಕಾರ ಬದಲಾಗುವುದಿಲ್ಲ.

ಕೊರತೆಗಳೂ ಕಣ್ಣಿಗೆ ಬಿದ್ದವು. ಮೈದಾನ ಎನ್ನುವುದು ಒಂದು ಅಂಗಳ. ಟೀಚರುಗಳ ಸಂಬಳ ಸರ್ಕಾರಿ ಶಿಕ್ಷಕರ ಸಂಬಳದ ಹತ್ತಿರಕ್ಕೂ ಬರುವುದಿಲ್ಲ, ಒಳ್ಳೆಯವರು ಸರ್ಕಾರಿ ನೌಕರಿ ಸಿಕ್ಕ ತಕ್ಷಣ ಹೋಗುತ್ತಾರೆ. ಗ್ರಂಥಾಲಯ ಎಂದರೆ ಒಂದು ಕಪಾಟು, ಅದಕ್ಕೆ ಬೀಗ. "ಹರಿದರೆ ಮತ್ತೆ ತರಲು ದುಡ್ಡಿಲ್ಲ" ಎಂದರು ಸಿಸ್ಟರ್. ಹರಿದ ಪುಸ್ತಕ ಓದಿದ್ದಕ್ಕೆ ಸಾಕ್ಷಿ, ಹೊಸ ಪುಸ್ತಕ ಬೀಗಕ್ಕೆ ಸಾಕ್ಷಿ ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕಪಾಟಿನಲ್ಲಿ ಕನ್ನಡ ಕಥೆಪುಸ್ತಕಗಳು ಅಲುಗಾಡದೆ ನಿಂತಿದ್ದವು. ಇದಕ್ಕೆ ಹೋಲಿಸಿದರೆ ನಮ್ಮ ಸರ್ಕಾರಿ ಕನ್ನಡ ಶಾಲೆಗಳ ನಲಿ-ಕಲಿ ಕೋಣೆ ಎಷ್ಟೋ ಮೇಲು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಪದ್ಧತಿ ಅದು. ಕಾರ್ಡುಗಳು ಮಕ್ಕಳ ಕೈಗೆ ಎಟುಕುವಂತೆ ಇರುತ್ತವೆ, ಪ್ರತಿ ಮಗು ತನ್ನ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಆ ತಾಯಿಗೆ ಹತ್ತಿರದ ಸರ್ಕಾರಿ ಶಾಲೆಯನ್ನೂ ಒಮ್ಮೆ ನೋಡವ್ವಾ ಎಂದೆ. ಆಕೆ ನಕ್ಕು ಸುಮ್ಮನಾದಳು. ಆ ನಗುವಿನ ಅರ್ಥ ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತು.

ಧರ್ಮದ ಪ್ರಶ್ನೆಯನ್ನು ಮೈದುನ ಎತ್ತಿದ್ದ, ಅದನ್ನೂ ಕೇಳಿದೆ. ಕ್ಯಾಥೊಲಿಕ್ ಮಕ್ಕಳು ಧರ್ಮಪಾಠಕ್ಕೆ ಬೇರೆ ಕೋಣೆಗೆ ಹೋಗುತ್ತಾರೆ, ಉಳಿದವರಿಗೆ ಆಗ ನೀತಿಪಾಠ. ಸಂವಿಧಾನದ 28ನೇ ವಿಧಿಯಲ್ಲೇ ಇದೆ: ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಹುಡುಗಿಯನ್ನು ಕೇಳಿದೆ. ನೀತಿಪಾಠದಲ್ಲಿ ಡಬ್ಬಿ ಹಂಚಿಕೊಂಡು ತಿನ್ನಬೇಕು ಎಂದು ಹೇಳುತ್ತಾರಂತೆ. "ಆದ್ರ ನನ್ನ ಚುರಮುರಿ ಎಲ್ಲಾರೂ ತಿಂದುಬಿಡ್ತಾರ್ರಿ" ಎಂಬುದು ಅವಳ ತಕರಾರು.

ಮೈದುನ ಹೇಳಿದ ದೊಡ್ಡ ಶಾಲೆಗೂ ಹೋಗಿದ್ದೆವು. ಪ್ರವೇಶ ಕೊಠಡಿಯ ಸೋಫಾದ ಆಚೆಗೆ ನಮ್ಮನ್ನು ಬಿಡಲಿಲ್ಲ. ತರಗತಿ ನೋಡಬಹುದೇ ಎಂದರೆ ವೀಡಿಯೋ ತೋರಿಸಿದರು. ಒಂದು ತರಗತಿಯಲ್ಲಿ ಎಷ್ಟು ಮಕ್ಕಳು ಎಂದರೆ ಎಷ್ಟು ಬಸ್ಸಿವೆ ಎಂದು ಹೇಳಿದರು. ಅದು ಕೆಟ್ಟ ಶಾಲೆ ಎಂದು ನಾನು ಹೇಳಲಾರೆ. ಒಳಗೆ ಬಿಡದವರ ಲೆಕ್ಕವನ್ನು ತಪಾಸಣೆ ಮಾಡಲು ಬರುವುದಿಲ್ಲ, ಅಷ್ಟೇ.

ತೀರ್ಮಾನ ನನ್ನದಲ್ಲ, ಆಕೆಯದು. ಸಾಲದ ಬಡ್ಡಿ, ಬಸ್ಸಿನ ಫೀಸು, ಯೂನಿಫಾರ್ಮು ಎಲ್ಲವನ್ನೂ ಹಾಳೆಯ ಒಂದು ಬದಿಗೆ ಬರೆದುಕೊಟ್ಟೆ. ಇನ್ನೊಂದು ಬದಿಗೆ ಏನು ಬರೆಯಬೇಕೋ ಆಕೆಯೇ ಬರೆದುಕೊಂಡಳು. ಎರಡು ದಿನ ಬಿಟ್ಟು ಬಂದು, "ಇಲ್ಲೇ ಇರ್ಲಿ ಬಿಡ್ರಿ ಅಜ್ಜಾರ. ಆದ್ರ ಐದನೇತ್ತೆ ಆದಮ್ಯಾಲ ಮುಂದ?" ಎಂದಳು.

ಸರಿಯಾದ ಪ್ರಶ್ನೆ. ಆರನೇ ತರಗತಿಗೆ ಹೊಸ ಶಾಲೆ ಹುಡುಕಲೇಬೇಕು, ಆಗ ದುಡ್ಡು ಬೇಕು. ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಯನ್ನು ಹುಡುಗಿಗೆ ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕು, ವರ್ಷಕ್ಕೆ ಕನಿಷ್ಠ 250 ರೂಪಾಯಿ ಸಾಕು. ಅದನ್ನು ಮಾಡಿಸಿದೆವು. ಆದರೆ ಅದರಲ್ಲಿನ ಹಣ ಹುಡುಗಿ ಹತ್ತನೇ ತರಗತಿ ಪಾಸಾಗುವ ತನಕ ಅಥವಾ ಹದಿನೆಂಟು ತುಂಬುವ ತನಕ ಓದಿಗೆ ಸಿಗುವುದಿಲ್ಲ. ಆರನೇ ತರಗತಿಗೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ಬ್ಯಾಂಕಿನಲ್ಲಿ 24 ತಿಂಗಳ ಆರ್‌ಡಿ ಬೇರೆ. ಬಸ್ಸಿಗೆ ಕೊಡಬೇಕಾಗಿದ್ದ ಮೊತ್ತದ ಅರ್ಧವನ್ನು ಪ್ರತಿ ತಿಂಗಳು ಕಟ್ಟುತ್ತಾಳೆ.

ಜೂನ್ ಕೊನೆಯಲ್ಲಿ ಹುಡುಗಿ ಒಂದು ಕಥೆಪುಸ್ತಕ ಹಿಡಿದುಕೊಂಡು ಬಂದಳು. ಕಪಾಟಿನ ಕೀಲಿ ಈಗ ನಾಲ್ಕನೇ ತರಗತಿಯವರ ಹತ್ತಿರ ಇದೆಯಂತೆ, ಶುಕ್ರವಾರಕ್ಕೊಬ್ಬರ ಪಾಳಿ. ಪುಸ್ತಕದ ಮೂಲೆ ಆಗಲೇ ಹರಿದಿತ್ತು. ಅಂಟಿಸಲು ಗೋಂದು ಇದೆಯೇ ಎಂದು ಕೇಳಲು ಬಂದಿದ್ದಳು.